ರಾತ್ರಿ ನಾಡಿ ಹಿಡಿದು ಕೂರುವವರಿಗೆ ಇನ್ಸೋಮ್ನಿಯಾ ಕೋಚ್ ಆ್ಯಪ್ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ, ಆ್ಯಪ್ ಚೆನ್ನಾಗಿದೆ, ಹಾಕಿಕೊಳ್ಳಿ. ಆದರೆ ನಿಮ್ಮ ನಿದ್ದೆ ಕೆಡೋದಕ್ಕೆ ಆರೋಗ್ಯದ ಭಯವೇ ಕಾರಣ ಆಗಿದ್ದರೆ ಇದೊಂದೇ ಸಾಲದು. ಇದರ ಜೊತೆ ಇನ್ನೆರಡು ಕೆಲಸ ನೀವಾಗಿಯೇ ಮಾಡಿಕೊಳ್ಳಬೇಕು. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ನಾನು ಹುಡುಕಿದಾಗ ಸಿಕ್ಕಿದ್ದೆಲ್ಲ "ಮಲಗುವ ಮುಂಚೆ ಫೋನ್ ನೋಡಬೇಡಿ, ಸಂಜೆ ಮೇಲೆ ಕಾಫಿ ಬೇಡ" ಅನ್ನುವಷ್ಟಕ್ಕೇ ಮುಗಿದುಹೋಗುತ್ತಿತ್ತು. ಎದೆಯಲ್ಲಿ ಚುಳ್ ಅಂದರೆ ಸಾಕು ಎದ್ದು ಕೂರುವವರಿಗೆ ಆ ಸಲಹೆ ಎಲ್ಲಿಗೆ ಸಾಲುತ್ತದೆ ಹೇಳಿ.

ಇನ್ಸೋಮ್ನಿಯಾ ಕೋಚ್ ಮಾಡಿಸಿದ್ದು ಅಮೆರಿಕದ ಮಾಜಿ ಸೈನಿಕರ ಇಲಾಖೆ. 2020ರಲ್ಲಿ ಬಂತು. ಯುದ್ಧ ನೋಡಿ ಬಂದು ನಿದ್ದೆ ಕಳೆದುಕೊಂಡವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದಾದರೂ ಯಾರು ಬೇಕಾದರೂ ಬಳಸಬಹುದು. ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಇದೆ, ಪೂರ್ತಿ ಉಚಿತ. ಒಳಗೆ ಒಂದು ನಿದ್ದೆಯ ಡೈರಿ ಇದೆ, ವಾರವಾರಕ್ಕೆ ಹಂಚಿಟ್ಟ ಅಭ್ಯಾಸದ ಯೋಜನೆ ಇದೆ, ಡೈರಿ ನೋಡಿ ಸಲಹೆ ಕೊಡುವ ಭಾಗ ಇದೆ, ಮೈ ಸಡಿಲಿಸುವ ವ್ಯಾಯಾಮಗಳಿವೆ. ಮಳೆಯ ಸದ್ದು, ಅಲೆಯ ಸದ್ದು ಹಾಕಿ ಜೋಗುಳ ಹಾಡುವ ಆ್ಯಪ್ ಬೇಕಿದ್ದವರಿಗೆ ಇದು ಒಣಒಣ ಅನ್ನಿಸಬಹುದು. ನನಗೆ ಅದೇ ಇಷ್ಟವಾಯಿತು.

ಇದರ ಹಿಂದಿರುವ ವಿಧಾನಕ್ಕೆ ಸಿಬಿಟಿ-ಐ ಅಂತ ಹೆಸರು. ನಿದ್ದೆ ಬಾರದವರ ಯೋಚನೆ ಮತ್ತು ಅಭ್ಯಾಸ ಎರಡನ್ನೂ ತಿದ್ದುವ ಚಿಕಿತ್ಸೆ. ಇದು ಯಾರೋ ನಿನ್ನೆ ಮೊನ್ನೆ ಕಂಡುಹಿಡಿದ ತಂತ್ರ ಅಲ್ಲ. 2016ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ ಅನ್ನುವ ಅಲ್ಲಿನ ವೈದ್ಯರ ಸಂಘ, ದೊಡ್ಡವರಲ್ಲಿ ಬಹುಕಾಲ ಕಾಡುವ ನಿದ್ರಾಹೀನತೆಗೆ ಮೊದಲು ಕೊಡಬೇಕಾದದ್ದು ಇದನ್ನೇ, ಮಾತ್ರೆ ಆಮೇಲೆ ಅಂತ ಹೇಳಿತು. ಬಹುಕಾಲ ಅಂದರೆ ವಾರಕ್ಕೆ ಕನಿಷ್ಠ 3 ರಾತ್ರಿ, ಹಾಗೆ 3 ತಿಂಗಳು. ನಾಲ್ಕು ದಿನ ನಿದ್ದೆ ಕೆಟ್ಟರೆ ಅದು ಈ ಲೆಕ್ಕಕ್ಕೆ ಬರುವುದಿಲ್ಲ, ಗಾಬರಿ ಬೇಡ.

ಆರ್ಥರ್ ಸ್ಪೀಲ್‌ಮನ್ ಅನ್ನುವ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ ಒಂದು ಮಾತು ಹೇಳಿದ್ದರು. ನಿದ್ದೆ ಕೆಡಲು ಶುರುವಾಗುವ ಕಾರಣ ಒಂದು, ಅದು ಹಾಗೇ ಮುಂದುವರಿಯಲು ಕಾರಣ ಇನ್ನೊಂದು. ನನಗೆ ಈ ಒಂದು ವಿಚಾರ ಅರ್ಥವಾದ ಮೇಲೇ ಆ್ಯಪ್ ಏನು ಮಾಡಿಸುತ್ತಿದೆ ಅನ್ನೋದು ತಲೆಗೆ ಹೋಗಿದ್ದು. ಮನೆಯಲ್ಲಿ ಯಾರಿಗೋ ಕಾಯಿಲೆ ಬಂತು, ಅಥವಾ ನಿಮ್ಮದೇ ಒಂದು ರಿಪೋರ್ಟ್ ಸ್ವಲ್ಪ ಆಚೀಚೆ ಬಂತು, ನಿದ್ದೆ ಹೋಯಿತು. ಅದು ಸಹಜ. ಆಮೇಲೆ ರಿಪೋರ್ಟ್ ಸರಿಹೋಗುತ್ತದೆ, ಡಾಕ್ಟರು ಏನೂ ಇಲ್ಲ ಹೋಗಿ ಅನ್ನುತ್ತಾರೆ. ನಿದ್ದೆ ಮಾತ್ರ ವಾಪಸ್ ಬರುವುದಿಲ್ಲ. ಯಾಕೆ? ಅಷ್ಟರಲ್ಲಿ ನಾವು ನಿದ್ದೆ ತುಂಬಿಕೊಳ್ಳಲು ಬೇಗ ಮಲಗುವುದು, ಬೆಳಗ್ಗೆ ತಡವಾಗಿ ಏಳುವುದು, ಮಧ್ಯಾಹ್ನ ಒಂದಿಷ್ಟು ಹೊತ್ತು ಅಡ್ಡಾಗುವುದು, ರಾತ್ರಿ ಪದೇ ಪದೇ ಗಡಿಯಾರ ನೋಡುವುದು, ಹೀಗೆ ಒಂದೊಂದೇ ರೂಢಿ ಮಾಡಿಕೊಂಡಿರುತ್ತೇವೆ. ಈಗ ನಿದ್ದೆ ಕೆಡಿಸುತ್ತಿರುವುದು ಆ ರೂಢಿಗಳು. ಆ್ಯಪ್ ಕೈಹಾಕುವುದೂ ಅಲ್ಲಿಗೇ.

ಈಗ ಡೈರಿ ವಿಷಯ. ಇದೇ ಈ ಆ್ಯಪ್‌ನ ಬೆನ್ನೆಲುಬು. ಬೆಳಗ್ಗೆ ಎದ್ದ ಮೇಲೆ ತುಂಬಬೇಕು. ಎಷ್ಟಕ್ಕೆ ಹಾಸಿಗೆಗೆ ಹೋದಿರಿ, ನಿದ್ದೆ ಹತ್ತಲು ಎಷ್ಟು ಹೊತ್ತಾಯಿತು, ನಡುವೆ ಎಷ್ಟು ಸಲ ಎಚ್ಚರವಾಯಿತು, ಒಟ್ಟು ಎಷ್ಟು ಹೊತ್ತು ಎಚ್ಚರವಿದ್ದಿರಿ, ಕೊನೆಗೆ ಎಚ್ಚರವಾಗಿದ್ದು ಯಾವಾಗ, ಹಾಸಿಗೆ ಬಿಟ್ಟಿದ್ದು ಯಾವಾಗ. ಇಷ್ಟೇ. ಎಲ್ಲವೂ ಅಂದಾಜಿಗೆ. ಈ "ಅಂದಾಜು" ಅನ್ನುವುದು ಆರೋಗ್ಯದ ಭಯ ಇರುವವರಿಗೆ ಮೊದಮೊದಲು ನುಂಗಲಾರದ ತುತ್ತು. ಸರಿಯಾದ ಅಂಕಿ ಬೇಕು, ಇಲ್ಲದಿದ್ದರೆ ತಪ್ಪು ಲೆಕ್ಕ ಆಗಿಬಿಡುತ್ತದೆ ಅಂತ ಮನಸ್ಸು ಹಟ ಮಾಡುತ್ತದೆ. ಆದರೆ ಸರಿಯಾದ ಅಂಕಿ ಬೇಕು ಅಂದರೆ ರಾತ್ರಿ ಗಡಿಯಾರ ನೋಡಲೇಬೇಕಾಗುತ್ತದೆ ಅಲ್ವಾ? ಗಡಿಯಾರ ನೋಡಿದ ಕೂಡಲೇ ಮನಸ್ಸು ಕೂಡಿ ಕಳೆಯಲು ಶುರುಮಾಡುತ್ತದೆ. ಈಗ ಎರಡೂವರೆ, ಆರಕ್ಕೆ ಏಳಬೇಕು, ಈ ಕ್ಷಣ ಮಲಗಿದರೂ ಮೂರೂವರೆ ಗಂಟೆ, ನಾಳೆ ಬಿಪಿ ಏರುತ್ತದೆ, ಹೀಗೆ. ಅಂದಾಜು ಸಾಕು ಅಂದುಕೊಂಡ ದಿನ ಗಡಿಯಾರವನ್ನು ಗೋಡೆಯ ಕಡೆ ತಿರುಗಿಸಿ ಇಡಬಹುದು. ನನಗೆ ಈ ಆ್ಯಪ್‌ನಿಂದ ಸಿಕ್ಕ ಮೊದಲ ಲಾಭ ಇದು. ರಾತ್ರಿ ಮಾಡಬೇಕಾದ ಲೆಕ್ಕವೇ ಇಲ್ಲದಂತಾಯಿತು, ಎಲ್ಲ ಲೆಕ್ಕ ಬೆಳಗ್ಗೆಗೆ ಹೋಯಿತು.

ಡೈರಿ ಕೆಲವು ದಿನ ತುಂಬಿದ ಮೇಲೆ ಒಂದು ಅಂಕಿ ಮುಖ್ಯವಾಗುತ್ತದೆ: ಹಾಸಿಗೆಯಲ್ಲಿ ಕಳೆದ ಹೊತ್ತಿನಲ್ಲಿ ನಿದ್ದೆ ಮಾಡಿದ್ದು ಎಷ್ಟು ಪಾಲು. ಉದಾಹರಣೆಗೆ ಹಾಸಿಗೆಯಲ್ಲಿ ಎಂಟೂವರೆ ಗಂಟೆ ಇದ್ದು ನಿದ್ದೆ ಐದೂವರೆ ಗಂಟೆ ಬಂದಿದ್ದರೆ ಸುಮಾರು 65 ಪರ್ಸೆಂಟ್. ಸಾಮಾನ್ಯವಾಗಿ 85ರ ಮೇಲಿದ್ದರೆ ಪರವಾಗಿಲ್ಲ ಅನ್ನುತ್ತಾರೆ. ಅಂದರೆ ಈ ಉದಾಹರಣೆಯಲ್ಲಿ ಮೂರು ಗಂಟೆ ಹಾಸಿಗೆಯಲ್ಲಿ ಬಿದ್ದುಕೊಂಡು ಚಿಂತೆ ಮಾಡಿದ ಹಾಗಾಯಿತು. ದಿನಾ ಮೂರು ಗಂಟೆ ಒಂದೇ ಜಾಗದಲ್ಲಿ ಚಿಂತೆ ಮಾಡಿದರೆ ಆ ಜಾಗಕ್ಕೆ ಹೋದ ಕೂಡಲೇ ಚಿಂತೆ ಶುರುವಾಗುವುದರಲ್ಲಿ ಆಶ್ಚರ್ಯ ಏನಿದೆ. ಹಾಲ್‌ನಲ್ಲಿ ಕೂತಲ್ಲೇ ತೂಕಡಿಸುತ್ತಿದ್ದವರು ಹಾಸಿಗೆಗೆ ಹೋಗಿ ದಿಂಬಿಗೆ ತಲೆ ಇಟ್ಟ ಕೂಡಲೇ ಕಣ್ಣು ಬಿಟ್ಟುಕೊಂಡು ಮಲಗುವುದು ಇದಕ್ಕೇ.

ಮದ್ದು ಏನೆಂದರೆ ಹಾಸಿಗೆಯಲ್ಲಿರುವ ಹೊತ್ತನ್ನೇ ಕಡಿಮೆ ಮಾಡುವುದು. ಇದು ಸಿಬಿಟಿ-ಐನ ಅತ್ಯಂತ ಕಷ್ಟದ ಭಾಗ, ಅತ್ಯಂತ ಗಟ್ಟಿಯಾದ ಭಾಗವೂ ಹೌದು. ಐದೂವರೆ ಗಂಟೆ ನಿದ್ದೆ ಬರುತ್ತಿದೆ ಅಂದರೆ ಹಾಸಿಗೆಗೂ ಐದೂವರೆ ಗಂಟೆಯೇ. ಆರಕ್ಕೆ ಏಳುವುದು ನಿಗದಿ, ಹಾಗಾದರೆ ಹನ್ನೆರಡೂವರೆಯ ತನಕ ಹಾಸಿಗೆಯ ಹತ್ತಿರ ಸುಳಿಯುವ ಹಾಗಿಲ್ಲ. ಐದು ಗಂಟೆಗಿಂತ ಕೆಳಗೆ ಇಳಿಸುವುದಿಲ್ಲ. ನಿದ್ದೆ ಒತ್ತೊತ್ತಾಗಿ ಬರಲು ಶುರುವಾದ ಮೇಲೆ, ಒಂದು ವಾರ ಚೆನ್ನಾಗಿ ನಡೆದರೆ 15 ನಿಮಿಷ ಸೇರಿಸುವುದು, ಮತ್ತೆ ನೋಡುವುದು, ಮತ್ತೆ 15 ನಿಮಿಷ. ಎಚ್ಚರವಿದ್ದಷ್ಟೂ ದೇಹದಲ್ಲಿ ನಿದ್ದೆಯ ಒತ್ತಡ ಹೆಚ್ಚುತ್ತಾ ಹೋಗುತ್ತದೆ, ಈ ಲೆಕ್ಕ ನಡೆಯುವುದು ಅದರ ಬಲದಿಂದಲೇ. ಮೊದಲ ದಿನಗಳಲ್ಲಿ ಹಗಲು ತುಂಬಾ ಸುಸ್ತು. ತಲೆ ಭಾರ, ಸಿಟ್ಟು ಬೇಗ ಬರುತ್ತದೆ. ಇದನ್ನು ಮುಂಚೆಯೇ ಗೊತ್ತುಮಾಡಿಕೊಂಡಿರಬೇಕು, ಇಲ್ಲದಿದ್ದರೆ ಆ ಸುಸ್ತೇ ಹೊಸ ರೋಗದ ಲಕ್ಷಣ ಅಂತ ಇನ್ನೊಂದು ಭಯ ಹುಟ್ಟಿಕೊಳ್ಳುತ್ತದೆ. ವಾಹನ ಓಡಿಸುವವರು, ಎತ್ತರದಲ್ಲಿ ಅಥವಾ ಯಂತ್ರದ ಹತ್ತಿರ ಕೆಲಸ ಮಾಡುವವರು ಇದನ್ನು ತಾವಾಗಿಯೇ ಮಾಡಲು ಹೋಗಬೇಡಿ. ಮೂರ್ಛೆರೋಗ ಇರುವವರು, ಬೈಪೋಲಾರ್ (ಮನಸ್ಸು ಅತಿ ಉತ್ಸಾಹಕ್ಕೂ ಅತಿ ಬೇಸರಕ್ಕೂ ಹೊರಳುವ ಕಾಯಿಲೆ) ಇರುವವರೂ ಅಷ್ಟೇ, ನಿದ್ದೆ ಕಡಿಮೆಯಾದರೆ ಅವರ ಕಾಯಿಲೆ ಕೆರಳಬಹುದು. ಡಾಕ್ಟರ ಜೊತೆ ಮಾತಾಡಿಯೇ ಶುರುಮಾಡಿ.

ಇನ್ನೊಂದು ನಿಯಮ ರಿಚರ್ಡ್ ಬೂಟ್ಜಿನ್ ಅನ್ನುವ ಮನಶ್ಶಾಸ್ತ್ರಜ್ಞರು 1972ರಲ್ಲಿ ಹೇಳಿದ್ದು, ಇವತ್ತಿಗೂ ನಡೆಯುತ್ತಿದೆ. ನಿದ್ದೆ ತೂಗಿದಾಗ ಮಾತ್ರ ಹಾಸಿಗೆಗೆ ಹೋಗಿ. ಸುಮಾರು ಕಾಲು ಗಂಟೆ, 20 ನಿಮಿಷ ಆಯಿತು ಅನ್ನಿಸಿದರೂ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಿ, ಮಂದ ಬೆಳಕಿನಲ್ಲಿ ಬೇಜಾರಿಲ್ಲದ, ಉದ್ವೇಗವೂ ಇಲ್ಲದ ಏನಾದರೂ ಮಾಡಿ. ಕಣ್ಣು ಎಳೆದಾಗ ವಾಪಸ್ ಬನ್ನಿ. ಬೇರೆ ಕೋಣೆ ಇಲ್ಲದವರು ಹಾಸಿಗೆ ಬಿಟ್ಟು ಕುರ್ಚಿಯಲ್ಲಿ ಕೂತರೂ ಆಗುತ್ತದೆ. ಬಟ್ಟೆ ಮಡಚಿಡುವುದು ನನಗೆ ಹೊಂದಿತು. ಕೈಗೆ ಕೆಲಸ, ತಲೆಗೆ ಇಲ್ಲ.

ಇಲ್ಲಿಯವರೆಗೆ ಆ್ಯಪ್ ಚೆನ್ನಾಗಿ ನಡೆಸಿಕೊಂಡು ಹೋಗುತ್ತದೆ. ಇದರಾಚೆ ಆರೋಗ್ಯದ ಭಯದವರ ಕಷ್ಟ ಬೇರೆಯೇ ಇದೆ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಇದನ್ನು ಅನುಭವಿಸದವರಿಗೆ ಅರ್ಥಮಾಡಿಸುವುದು ಕಷ್ಟ.

ಹಗಲು ನೂರೆಂಟು ಕೆಲಸ, ಮೈ ಕಡೆ ಗಮನ ಹೋಗುವುದಿಲ್ಲ. ರಾತ್ರಿ ದೀಪ ಆರಿಸಿ ಮಲಗಿದರೆ ಕೇಳಲು ನೋಡಲು ಬೇರೇನೂ ಇಲ್ಲ. ಎಡ ಮಗ್ಗುಲಿಗೆ ಮಲಗಿದರೆ ಎದೆಬಡಿತ ಪಕ್ಕೆಗೆ ಒತ್ತಿ ಜಾಸ್ತಿ ಗೊತ್ತಾಗುತ್ತದೆ. ಕಿವಿ ದಿಂಬಿಗೆ ಒತ್ತಿದರೆ ನಾಡಿ ದಬ್ ದಬ್ ಅಂತ ಕಿವಿಯೊಳಗೇ ಕೇಳುತ್ತದೆ. ಎರಡು ಬೆರಳು ತಾನಾಗಿಯೇ ಮಣಿಕಟ್ಟಿಗೆ ಹೋಗುತ್ತದೆ. ಎಣಿಸುತ್ತೀರಿ. ಎಣಿಸುವಾಗ ಭಯ, ಭಯಕ್ಕೆ ಅಡ್ರಿನಲಿನ್, ಅಡ್ರಿನಲಿನ್‌ಗೆ ಬಡಿತ ಇನ್ನೂ ಜೋರು. ನೋಡಿದೆಯಾ, ಹೆಚ್ಚಾಗುತ್ತಿದೆ ಅಂತ ಮನಸ್ಸು ಕೂಗುತ್ತದೆ. ಇಷ್ಟರಲ್ಲಿ ಸ್ವಲ್ಪ ಜೊಂಪು ಹತ್ತಿತು ಅನ್ನುವಾಗ ಕಾಲು ಝಾಡಿಸಿ ಒದ್ದ ಹಾಗಾಗಿ, ಮೇಲಿಂದ ಬಿದ್ದ ಹಾಗಾಗಿ ಎಚ್ಚರ. ಇದು ಬಹಳ ಜನರಿಗೆ ಆಗುವ, ಯಾವ ಅಪಾಯವೂ ಇಲ್ಲದ ಸ್ನಾಯುಗಳ ಸೆಳೆತ, ನಿದ್ದೆಗೆ ಜಾರುವ ಹೊತ್ತಿನಲ್ಲಿ ಆಗುತ್ತದೆ. ಸುಸ್ತು, ಒತ್ತಡ, ಕಾಫಿ ಹೆಚ್ಚಾದರೆ ಇನ್ನಷ್ಟು ಆಗುತ್ತದೆ. ಗೊತ್ತಿಲ್ಲದವರಿಗೆ ಮಾತ್ರ ಪ್ರಾಣವೇ ಹೋದ ಹಾಗಾಗುತ್ತದೆ.

ಇದಕ್ಕೆ ನೀವಾಗಿಯೇ ಮಾಡಿಕೊಳ್ಳಬೇಕಾದ ಮೊದಲ ಕೆಲಸ, ಚಿಂತೆಗೆ ಹಗಲಿನಲ್ಲೇ ಒಂದು ಹೊತ್ತು ಗೊತ್ತುಮಾಡುವುದು. ಮನಶ್ಶಾಸ್ತ್ರಜ್ಞ ಥಾಮಸ್ ಬೊರ್ಕೊವೆಕ್ ಮತ್ತು ಅವರ ಸಂಗಡಿಗರು 1983ರಲ್ಲಿ ಪ್ರಕಟಿಸಿದ ವಿಧಾನ. ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಅರ್ಧ ಗಂಟೆ ಕೂತು ಚಿಂತೆ ಮಾಡಿ, ಬೇರೆ ಹೊತ್ತಿನಲ್ಲಿ ಬಂದರೆ "ಆಗ ನೋಡೋಣ" ಅಂತ ಮುಂದಕ್ಕೆ ಹಾಕಿ. ಕೇಳಲು ಸುಮ್ನೆ ಮಾತಿನ ಹಾಗಿದೆ, ಮಾಡಿ ನೋಡಿ. ಮಲಗುವ ಹೊತ್ತಿಗೆ ಹತ್ತಿರ ಬೇಡ, ಸಂಜೆಯ ಹೊತ್ತು ಒಳ್ಳೆಯದು. ಕಾಗದ ಪೆನ್ನು ಇಟ್ಟುಕೊಳ್ಳಿ. ಏನು ಭಯ ಅಂತ ಪೂರ್ತಿ ವಾಕ್ಯದಲ್ಲಿ ಬರೆಯಿರಿ. "ತಲೆನೋವು" ಅಂತ ಬರೆದರೆ ಸಾಲದು, "ಎರಡು ದಿನದಿಂದ ಬಲಗಡೆ ತಲೆ ನೋಯುತ್ತಿದೆ, ಗೆಡ್ಡೆ ಇದ್ದರೆ ಅಂತ ಭಯ" ಅಂತ. ಅದರ ಕೆಳಗೆ, ಇದಕ್ಕೆ ನಾಳೆ ಮಾಡಬಹುದಾದ ಕೆಲಸ ಏನಾದರೂ ಇದೆಯಾ ಅಂತ ಒಂದು ಸಾಲು. ಇದ್ದರೆ ಬರೆಯಿರಿ, ಇಲ್ಲದಿದ್ದರೆ ಇಲ್ಲ ಅಂತಲೇ ಬರೆಯಿರಿ. ಇದಕ್ಕೆ ಹೊಂದುವ ಇನ್ನೊಂದು ಸಂಗತಿ ಇದೆ. 2018ರಲ್ಲಿ ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಮೈಕೆಲ್ ಸ್ಕಲ್ಲಿನ್ ತಂಡ 57 ಯುವಜನರ ಮೇಲೆ ಮಾಡಿದ ಸಣ್ಣ ಪ್ರಯೋಗದಲ್ಲಿ, ಮಲಗುವ ಮುಂಚೆ 5 ನಿಮಿಷ ಮುಂದೆ ಮಾಡಬೇಕಾದ ಕೆಲಸಗಳ ಪಟ್ಟಿ ಬರೆದವರು, ಮುಗಿದ ಕೆಲಸಗಳ ಪಟ್ಟಿ ಬರೆದವರಿಗಿಂತ ಬೇಗ ನಿದ್ದೆಹೋದರು. ಸಣ್ಣ ಪ್ರಯೋಗವೇ, ಆದರೂ ಕಾಗದಕ್ಕೆ ಇಳಿದದ್ದು ತಲೆಯಲ್ಲಿ ಅಷ್ಟು ಸುತ್ತುವುದಿಲ್ಲ ಅನ್ನುವುದು ನನ್ನ ಅನುಭವವೂ ಹೌದು.

ಎರಡನೇ ಕೆಲಸ, ಪರೀಕ್ಷಿಸುವುದನ್ನು ನಿಲ್ಲಿಸುವುದು. ನಾಡಿ ಎಣಿಸುವುದು, ಬಿಪಿ ಮಶೀನ್ ಮತ್ತೆ ಮತ್ತೆ ಕಟ್ಟುವುದು, ಕುತ್ತಿಗೆಯಲ್ಲಿ ಗಂಟು ಇದೆಯಾ ಅಂತ ಒತ್ತಿ ನೋಡುವುದು, ರಾತ್ರಿ ಎರಡಕ್ಕೆ ಲಕ್ಷಣಗಳನ್ನು ಗೂಗಲ್ ಮಾಡುವುದು, ಪಕ್ಕದಲ್ಲಿ ಮಲಗಿದವರನ್ನು ಎಬ್ಬಿಸಿ "ನನಗೇನೂ ಆಗಿಲ್ಲ ತಾನೇ?" ಅಂತ ಕೇಳುವುದು. ಇವೆಲ್ಲ ಹತ್ತು ನಿಮಿಷ ಸಮಾಧಾನ ಕೊಡುತ್ತವೆ. ಆಮೇಲೆ ಭಯ ಮೊದಲಿಗಿಂತ ಜೋರಾಗಿ ಬರುತ್ತದೆ, ಕೆರೆದಷ್ಟೂ ಹೆಚ್ಚುವ ತುರಿಕೆಯ ಹಾಗೆ. ಮನಸ್ಸಿಗೆ ಪ್ರತಿ ಸಲ ಸಿಗುವ ಪಾಠ ಏನೆಂದರೆ, ಪರೀಕ್ಷಿಸಿದ್ದಕ್ಕೇ ಉಳಿದೆ. ಒಮ್ಮೆಗೇ ಬಿಡಲು ಆಗುವುದಿಲ್ಲ. ಮುಂದಕ್ಕೆ ಹಾಕಿ: ನಾಡಿ ನೋಡಬೇಕು ಅನ್ನಿಸಿದರೆ ಸ್ವಲ್ಪ ಹೊತ್ತು ತಡೆದು ನೋಡಿ, ಆಮೇಲೆ ಇನ್ನೂ ಸ್ವಲ್ಪ. ಆ ಹೊತ್ತಿನಲ್ಲಿ ಆ್ಯಪ್‌ನಲ್ಲಿರುವ ಮೈ ಸಡಿಲಿಸುವ ವ್ಯಾಯಾಮ ಮಾಡಬಹುದು. ಕಾಲಿನಿಂದ ಶುರುಮಾಡಿ ಒಂದೊಂದೇ ಸ್ನಾಯುವನ್ನು ಬಿಗಿಮಾಡಿ ಬಿಡುವುದು. ಉಸಿರನ್ನೇ ಗಮನಿಸಿ ಅನ್ನುವ ವ್ಯಾಯಾಮಗಳು ಭಯ ಇರುವ ಕೆಲವರಿಗೆ ತಿರುಗುಬಾಣ ಆಗುತ್ತವೆ, ಉಸಿರು ಸಾಲುತ್ತಿಲ್ಲ ಅನ್ನಿಸಿಬಿಡುತ್ತದೆ. ನನಗೂ ಹಾಗೇ. ಸ್ನಾಯು ಬಿಗಿಮಾಡುವುದು ಮಾತ್ರ ಯಾವಾಗಲೂ ಕೈಹಿಡಿಯಿತು, ಯಾಕೆಂದರೆ ಮೈಯನ್ನು ಕಾವಲು ಕಾಯುವ ಬದಲು ಮೈಗೆ ಒಂದು ಕೆಲಸ ಕೊಟ್ಟ ಹಾಗಾಗುತ್ತದೆ.

ಸ್ಮಾರ್ಟ್‌ವಾಚ್ ಇರುವವರಿಗೆ ಒಂದು ಮಾತು. ನಾನೂ ಒಂದನ್ನು ರಾತ್ರಿ ಕಟ್ಟಿಕೊಂಡು ಮಲಗುತ್ತಿದ್ದೆ, ಯಾವ ಕಂಪನಿಯದು ಅನ್ನುವುದು ಬೇಡ. ಎದ್ದಾಗ ಮೈ ಹಗುರವಾಗಿಯೇ ಇರುತ್ತಿತ್ತು, ವಾಚ್ ನೋಡಿದರೆ ಆಳವಾದ ನಿದ್ದೆ ಕಡಿಮೆ ಅಂತ ಕೆಂಪು ಬಣ್ಣದಲ್ಲಿ ತೋರಿಸುತ್ತಿತ್ತು. ಅಲ್ಲಿಂದ ದಿನ ಪೂರ್ತಿ ಸುಸ್ತು. ಕೈಗೆ ಕಟ್ಟುವ ಈ ಸಾಧನಗಳು ಒಟ್ಟು ನಿದ್ದೆಯನ್ನು ತಕ್ಕಮಟ್ಟಿಗೆ ಹೇಳುತ್ತವೆ, ನಿದ್ದೆಯ ಹಂತಗಳನ್ನು ಹೇಳುವುದರಲ್ಲಿ ಅಷ್ಟು ಗಟ್ಟಿ ಇಲ್ಲ. ಹಂತಗಳನ್ನು ಸರಿಯಾಗಿ ಅಳೆಯಲು ತಲೆಗೆ ತಂತಿ ಹಚ್ಚಿ ಮಿದುಳಿನ ಅಲೆಗಳನ್ನು ನೋಡಬೇಕು. 2017ರಲ್ಲಿ ಅಮೆರಿಕದ ನಿದ್ದೆ ತಜ್ಞರು ಇಂಥ ರೋಗಿಗಳ ಬಗ್ಗೆಯೇ ಬರೆದಿದ್ದರು. ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿ ನಿದ್ದೆ ಚೆನ್ನಾಗಿದೆ ಅಂದರೂ ವಾಚ್ ಹೇಳಿದ್ದನ್ನೇ ನಂಬುವವರು ಅವರಲ್ಲಿದ್ದರು. ಭಯ ಇರುವವರು ವಾಚನ್ನು ರಾತ್ರಿ ಬಿಚ್ಚಿಡಿ. ಇನ್ಸೋಮ್ನಿಯಾ ಕೋಚ್‌ನ ಡೈರಿ ನೀವು ಹೇಳಿದ್ದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ನಿಮ್ಮ ಮೇಲೆ ತೀರ್ಪು ಕೊಡುವುದಿಲ್ಲ.

ನಿದ್ದೆ ಕಡಿಮೆಯಾದರೆ ಆ ರೋಗ ಬರುತ್ತದೆ, ಈ ರೋಗ ಬರುತ್ತದೆ ಅನ್ನುವ ಸುದ್ದಿಗಳಿವೆಯಲ್ಲ, ಅವೂ ನಮ್ಮಂಥವರಿಗೆ ವಿಷ. ದೊಡ್ಡವರಿಗೆ 7 ಗಂಟೆ ಅಥವಾ ಅದಕ್ಕಿಂತ ಹೆಚ್ಚು ನಿದ್ದೆ ಒಳ್ಳೆಯದು ಅಂತ ತಜ್ಞರ ಸಲಹೆ ಇದೆ, ನಿಜ. ಅದು ರೂಢಿಯಾಗಿ ಇರಬೇಕಾದ ನಿದ್ದೆಯ ಮಾತು, ಇವತ್ತು ಒಂದು ರಾತ್ರಿಯ ಮಾತಲ್ಲ. ಒಂದು ರಾತ್ರಿ ಕೆಟ್ಟರೆ ಮುಂದಿನ ರಾತ್ರಿಗಳಲ್ಲಿ ದೇಹ ಆಳವಾದ ನಿದ್ದೆಯನ್ನು ಹೆಚ್ಚಿಸಿಕೊಂಡು ಸರಿದೂಗಿಸಿಕೊಳ್ಳುತ್ತದೆ, ಕಳೆದ ಪ್ರತಿ ಗಂಟೆಯನ್ನೂ ವಾಪಸ್ ತುಂಬಬೇಕಾಗಿಲ್ಲ. ಇನ್ನೊಂದು, ನಿದ್ದೆ ಬಾರದವರು ತಾವು ಮಾಡಿದ ನಿದ್ದೆಯನ್ನು ಇದ್ದದ್ದಕ್ಕಿಂತ ಕಡಿಮೆ ಅಂದಾಜು ಮಾಡುವುದು ಸಾಮಾನ್ಯ. "ಕಣ್ಣಿಗೆ ಕಣ್ಣು ಹತ್ತಲೇ ಇಲ್ಲ" ಅನ್ನಿಸಿದ ರಾತ್ರಿಯಲ್ಲೂ ನಡುನಡುವೆ ನಿದ್ದೆ ಆಗಿರುತ್ತದೆ. ನಡುವೆ ಎಚ್ಚರವಾಗುವುದೂ ಸಹಜವೇ. ಸುಮಾರು ಒಂದೂವರೆ ಗಂಟೆಗೊಂದು ನಿದ್ದೆಯ ಸುತ್ತು ಮುಗಿಯುತ್ತದೆ, ಆಗ ಅರೆ ಎಚ್ಚರವಾಗಿ ಮಗ್ಗುಲು ಬದಲಿಸಿ ಮಲಗುತ್ತೇವೆ. ಬೇರೆಯವರು ಅದನ್ನು ಮರೆತುಬಿಡುತ್ತಾರೆ, ನಾವು ಎದ್ದು ಕೂತು ವಿಚಾರಣೆ ಶುರುಮಾಡುತ್ತೇವೆ.

ಮಾತ್ರೆಯ ವಿಷಯದಲ್ಲಿ ಆ್ಯಪ್ ಆಗಲಿ ನಾನಾಗಲಿ ಡಾಕ್ಟರ ಜಾಗಕ್ಕೆ ಬರುವ ಹಾಗಿಲ್ಲ. ಈಗಾಗಲೇ ನಿದ್ದೆ ಮಾತ್ರೆ ತಗೊಳ್ಳುತ್ತಿದ್ದರೆ ಆ್ಯಪ್ ಹಾಕಿದೆ ಅಂತ ತಟ್ಟನೆ ನಿಲ್ಲಿಸಬೇಡಿ. ಕೆಲವು ಮಾತ್ರೆ ಒಮ್ಮೆಗೇ ಬಿಟ್ಟರೆ ನಿದ್ದೆ ಇನ್ನೂ ಕೆಡುತ್ತದೆ, ಫಿಟ್ಸ್ ಬರುವ ಅಪಾಯವೂ ಇದೆ. ಕೊಟ್ಟ ಡಾಕ್ಟರ ಹತ್ತಿರ ಕೇಳಿ ನಿಧಾನವಾಗಿ ಕಡಿಮೆ ಮಾಡಬೇಕು.

ಭಯದ ಜೊತೆ ನಿಜವಾದ ಕಾಯಿಲೆಯೂ ಇರಬಹುದು ಅನ್ನುವುದನ್ನು ಮರೆಯುವಂತಿಲ್ಲ. ಜೋರು ಗೊರಕೆ, ನಡುವೆ ಉಸಿರು ನಿಂತ ಹಾಗಾಗುವುದು, ಹಗಲು ತಡೆಯಲಾಗದ ತೂಕಡಿಕೆ ಇದ್ದರೆ ಸ್ಲೀಪ್ ಆಪ್ನಿಯಾ ಇದೆಯಾ ನೋಡಿಸಬೇಕು. ಮಲಗಿದಾಗ ಕಾಲಲ್ಲಿ ಹರಿದಾಡಿದ ಹಾಗೆ, ಆಡಿಸದೆ ಇರಲು ಆಗದ ಹಾಗೆ ಆದರೆ ಕಬ್ಬಿಣದ ಅಂಶ ಕಡಿಮೆ ಇರಬಹುದು. ಥೈರಾಯ್ಡ್ ಹೆಚ್ಚಾದರೂ ಎದೆ ಡವಡವ, ನಿದ್ದೆ ಇಲ್ಲ. ಒಮ್ಮೆ ಸರಿಯಾಗಿ ಒಬ್ಬ ಡಾಕ್ಟರ ಹತ್ತಿರ ತೋರಿಸಿ, ಅವರು ಹೇಳಿದ ಪರೀಕ್ಷೆ ಮಾಡಿಸಿ, ಉತ್ತರ ಬಂದ ಮೇಲೆ ಅದನ್ನು ಒಪ್ಪಿಕೊಳ್ಳಿ, ಅದೇ ಪ್ರಶ್ನೆ ಹಿಡಿದು ಮೂರು ನಾಲ್ಕು ಕಡೆ ತಿರುಗಬೇಡಿ. ಎದೆ ಮೇಲೆ ಭಾರ ಇಟ್ಟ ಹಾಗೆ ನೋವು, ಅದು ತೋಳಿಗೋ ದವಡೆಗೋ ಹರಡುವುದು, ತಣ್ಣನೆ ಬೆವರು, ಉಸಿರು ಕಟ್ಟುವುದು, ಇವು ಬಂದರೆ ಆ್ಯಪೂ ಬೇಡ, ತಡೆದು ನೋಡುವುದೂ ಬೇಡ, ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ಬದುಕಿ ಏನು ಪ್ರಯೋಜನ ಅನ್ನುವ ಯೋಚನೆ ಬರುತ್ತಿದ್ದರೂ ಅಷ್ಟೇ, ಅವತ್ತೇ ಯಾರಿಗಾದರೂ ಹೇಳಿ, ಡಾಕ್ಟರನ್ನು ನೋಡಿ.

ಆ್ಯಪ್‌ನ ಕೊರತೆ ಅಂದರೆ ಎರಡು. ಕನ್ನಡದಲ್ಲಿಲ್ಲ, ಇಂಗ್ಲಿಷ್ ಓದಲು ಬಾರದವರಿಗೆ ಮನೆಯಲ್ಲಿ ಯಾರಾದರೂ ಜೊತೆ ಕೂತು ಹೇಳಿಕೊಡಬೇಕು. ಇಂಥವರಿಗೆ ಡೈರಿಯನ್ನು ಒಂದು ನೋಟ್‌ಬುಕ್‌ನಲ್ಲಿ ಗೆರೆ ಎಳೆದು ಬರೆಸಿದರೂ ಅದೇ ಕೆಲಸ ಆಗುತ್ತದೆ. ಎರಡನೆಯದು, ಎದುರಿಗೆ ಮನುಷ್ಯರಿಲ್ಲ. ಇವತ್ತು ಆಗಲ್ಲ, ಬಿಟ್ಟುಬಿಡುತ್ತೇನೆ ಅನ್ನಿಸಿದ ದಿನ ಇನ್ನೊಂದು ವಾರ ನೋಡೋಣ ಅನ್ನುವ ದನಿ ಬೇಕಾಗುತ್ತದೆ. ಆರೋಗ್ಯದ ಭಯ ನಿದ್ದೆಗಷ್ಟೇ ಅಲ್ಲದೆ ಊಟ, ಕೆಲಸ, ಮನೆಯವರ ಜೊತೆಗಿನ ಮಾತುಕತೆ ಎಲ್ಲದಕ್ಕೂ ಹಬ್ಬಿದ್ದರೆ ಮನಶ್ಶಾಸ್ತ್ರಜ್ಞರ ಹತ್ತಿರ ಹೋಗಿ, ಆ್ಯಪ್ ಅದರ ಜೊತೆಗೆ ಇರಲಿ. ನನಗೆ ಈಗಲೂ ಕೆಲವು ರಾತ್ರಿ ಕೆಡುತ್ತದೆ, ಮುಖ್ಯವಾಗಿ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಾಗ. ಆದರೆ ಒಂದು ಕೆಟ್ಟ ರಾತ್ರಿ ಇಡೀ ವಾರವನ್ನು ಎಳೆದುಕೊಂಡು ಹೋಗುವುದು ನಿಂತಿದೆ.

ಶುರುಮಾಡುವವರು ಮೊದಲ ವಾರ ಏನನ್ನೂ ಬದಲಿಸಬೇಡಿ, ಬೆಳಗ್ಗೆ ಎದ್ದು ಡೈರಿ ತುಂಬುವುದು ಮತ್ತು ದಿನಾ ಒಂದೇ ಹೊತ್ತಿಗೆ ಏಳುವುದು, ಇವೆರಡು ಸಾಕು. ರಜೆ ದಿನವೂ ಅದೇ ಹೊತ್ತು. ಹಾಸಿಗೆಯ ಹೊತ್ತು ಕಡಿಮೆ ಮಾಡುವುದನ್ನು ಎರಡನೇ ವಾರಕ್ಕೆ ಇಟ್ಟುಕೊಳ್ಳಿ, ಆ ವಾರದಲ್ಲಿ ಪರೀಕ್ಷೆ, ಪ್ರಯಾಣ, ಮದುವೆ ಇಲ್ಲದ ಹಾಗೆ ನೋಡಿಕೊಳ್ಳಿ.